ಅಳುತ್ತಿಲ್ಲ ಅಂದ ಮಾತ್ರಕ್ಕೆ

ಖಿನ್ನತೆ ಸೋಮಾರಿಗಳ ಕಾಯಿಲೆಯಂತೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೂರ್ಯನಮಸ್ಕಾರ ಹಾಕಿದರೆ ತಾನಾಗೇ ಹೋಗುತ್ತದಂತೆ. ಇವತ್ತು ಮತ್ತೆ ಈ ಫಾರ್ವರ್ಡ್ ಬಂತು, ಅದರ ಕೆಳಗೆ ಕೈಮುಗಿದವರ ದೊಡ್ಡ ಸಾಲೇ ಇತ್ತು. ಕಳಿಸಿದವರು ಓದಿಕೊಂಡವರು, ಮನೆಮಂದಿಯ ಬಗ್ಗೆ ಅಕ್ಕರೆ ಇರುವವರು. ಸಿಟ್ಟು ಬಂದದ್ದೇ ಅದಕ್ಕೆ. ತೀವ್ರ ಖಿನ್ನತೆ ಇರುವ ಎಷ್ಟೋ ಜನ ಆ ನಾಲ್ಕು ಗಂಟೆಗೆ ಆಗಲೇ ಎದ್ದು ಕೂತಿರುತ್ತಾರೆ. ಹಾಗೆ ಏಳುವುದೇ ಕಾಯಿಲೆಯ ಒಂದು ಗುರುತು.

ದಿನಾ ಆರಕ್ಕೆ ಏಳುತ್ತಿದ್ದವರಿಗೆ ಮೂರೂವರೆಗೋ ನಾಲ್ಕಕ್ಕೋ ಎಚ್ಚರವಾಗಿಬಿಡುತ್ತದೆ. ಮಾಮೂಲಿಗಿಂತ ಎರಡು ಗಂಟೆ ಮೊದಲೇ ಎಚ್ಚರ, ಆಮೇಲೆ ಎಷ್ಟು ಹೊರಳಾಡಿದರೂ ನಿದ್ದೆ ಹತ್ತುವುದಿಲ್ಲ. ಹಳೆಯ ತಪ್ಪುಗಳು, ತೀರದ ಸಾಲ, ಮಕ್ಕಳಿಗೆ ನಾನೊಂದು ಭಾರ ಎನ್ನುವ ಯೋಚನೆ ಎಲ್ಲ ಒಟ್ಟಿಗೆ ಮುತ್ತುವ ಹೊತ್ತು ಅದು. ಇಂಥವರಿಗೆ ಬೆಳಗ್ಗೆ ಅತಿ ಕಷ್ಟ, ಸಂಜೆಯಾಗುತ್ತಾ ಸ್ವಲ್ಪ ಹಗುರ. ನೆಂಟರು ಬರುವುದು ಸಂಜೆ. ಕಾಫಿ ಕುಡಿದು, ನಾಲ್ಕು ಮಾತಾಡಿ, ಚೆನ್ನಾಗೇ ಇದ್ದಾನಲ್ಲ ಅಂತ ಹೇಳಿ ಹೊರಡುತ್ತಾರೆ. ಬೆಳಿಗ್ಗೆ ಏಳಕ್ಕೆ ಹಲ್ಲುಜ್ಜಲೂ ಆಗದೆ ಹಾಸಿಗೆಯ ಅಂಚಿನಲ್ಲಿ ಕೂತದ್ದನ್ನು ಅವರು ಕಂಡಿರುವುದಿಲ್ಲ.

ನಮ್ಮವರೆಲ್ಲ ಹುಡುಕುವುದು ಕಣ್ಣೀರನ್ನು. ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಖಿನ್ನತೆಗೆ 9 ಲಕ್ಷಣಗಳಿವೆ. ಬೇಸರ, ಆಸಕ್ತಿ ಬತ್ತುವುದು, ನಿದ್ದೆಯ ಏರುಪೇರು, ಹಸಿವು ಮತ್ತು ತೂಕದ ಬದಲಾವಣೆ, ಸುಸ್ತು, ಮೈಯೆಲ್ಲ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ತನ್ನನ್ನು ತಾನೇ ಹಳಿದುಕೊಳ್ಳುವುದು, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ 5 ಒಟ್ಟಿಗೆ, ಎರಡು ವಾರ, ಹೆಚ್ಚುಕಡಿಮೆ ದಿನಾ ಇರಬೇಕು. ಬದುಕಿಗೆ, ಕೆಲಸಕ್ಕೆ ಅದರಿಂದ ಅಡ್ಡಿಯಾಗಿರಬೇಕು. ಆ ಐದರಲ್ಲಿ ಬೇಸರ, ಆಸಕ್ತಿ ಬತ್ತುವುದು ಇವೆರಡರಲ್ಲಿ ಒಂದಾದರೂ ಇರಲೇಬೇಕು, ಎರಡೂ ಇರಬೇಕೆಂದಿಲ್ಲ. ಅಂದರೆ ಬೇಸರ ಅಂತ ಒಮ್ಮೆಯೂ ಹೇಳದವರಿಗೂ ಖಿನ್ನತೆ ಇರಬಹುದು, ಆಸಕ್ತಿ ಸತ್ತಿದ್ದರೆ. ಕ್ರಿಕೆಟ್ ಹುಚ್ಚಿನ ಮನುಷ್ಯ ಟಿವಿ ಮುಂದೆಯೇ ಕೂತಿರುತ್ತಾರೆ, ಸ್ಕೋರೆಷ್ಟು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಮೊಮ್ಮಗಳು ಬಂದು ತೊಡೆಯೇರಿದರೂ ಒಳಗೆ ಏನೂ ಅನ್ನಿಸುವುದಿಲ್ಲ, ಕೈ ಮಾತ್ರ ಅಭ್ಯಾಸಬಲದಿಂದ ತಲೆ ಸವರುತ್ತದೆ.

ಮಾತನ್ನು ಗಮನಿಸಿ. ಊಟ ಆಯ್ತಾ ಅಂತ ಕೇಳಿದರೆ ಉತ್ತರ ಬರುವುದಕ್ಕೆ ಮೂರ್ನಾಲ್ಕು ಸೆಕೆಂಡು. ದನಿ ತಗ್ಗಿದ್ದು, ಏರಿಳಿತವಿಲ್ಲದ್ದು, ಒಂದೊಂದೇ ಪದ. ಫೋನಿನಲ್ಲೂ ಇದು ಗೊತ್ತಾಗುತ್ತದೆ. ದೂರದೂರಿನಲ್ಲಿದ್ದು ವಾರಕ್ಕೊಮ್ಮೆ ಅಪ್ಪ ಅಮ್ಮನಿಗೆ ಫೋನ್ ಮಾಡುವವರು ಇದನ್ನು ಖಂಡಿತ ಹಿಡಿಯಬಹುದು: ಮೊದಲು ಬೇಡವೆಂದರೂ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದವರು ಈಗ ಹೂಂ, ಇಡ್ಲಾ ಅನ್ನುತ್ತಿದ್ದಾರೆಯೇ?

ಇನ್ನು ಮೈನೋವು. ನಮ್ಮಲ್ಲಿ ಖಿನ್ನತೆ ವೈದ್ಯರ ಬಾಗಿಲಿಗೆ ಬರುವುದೇ ಹೆಚ್ಚಾಗಿ ಗ್ಯಾಸ್ಟ್ರಿಕ್, ತಲೆಭಾರ, ಕೈಕಾಲು ಸೆಳೆತ, ಉರಿ, ನಿಶ್ಶಕ್ತಿ ಎನ್ನುವ ಹೆಸರಿನಲ್ಲಿ. ಒಂದು ಡ್ರಿಪ್ ಹಾಕಿಸಿ ಮನೆಗೆ ಕರೆತಂದರೆ ಎರಡು ದಿನ ಸಮಾಧಾನ, ಮತ್ತೆ ಅದೇ ಗೋಳು. ಹಾಗಂತ ರಕ್ತಪರೀಕ್ಷೆ ಬೇಡ ಅನ್ನುತ್ತಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಇಷ್ಟನ್ನಾದರೂ ನೋಡಿಸಲೇಬೇಕು, ಏಕೆಂದರೆ ಥೈರಾಯ್ಡ್ ಕೈಕೊಟ್ಟರೂ ಮನುಷ್ಯ ಹೀಗೇ ಮಂಕಾಗುತ್ತಾನೆ. ಸ್ಟಿರಾಯ್ಡ್ ಮಾತ್ರೆ, ಕುಡಿತ ಇದ್ದರೆ ಮುಚ್ಚಿಡದೆ ಹೇಳಿ. ಆದರೆ ರಿಪೋರ್ಟ್ ಎಲ್ಲ ನಾರ್ಮಲ್ ಬಂದ ದಿನ, ನಿನಗೇನೂ ಆಗಿಲ್ಲ ಏಳು ಅಂತಾರಲ್ಲ, ಅಲ್ಲಿ ತಪ್ಪುವುದು. ಮನಸ್ಸಿನ ಕಡೆ ನೋಡಬೇಕಾದದ್ದು ಅದೇ ದಿನ.

ಈಗಿನವರು ಸಣ್ಣದಕ್ಕೂ ಡಿಪ್ರೆಶನ್ ಅಂತಾರೆ ಎಂದು ವಾದಿಸುವವರಿದ್ದಾರೆ. ಒಂದು ಸಂಜೆಯ ಬೇಜಾರಿಗೆ ಆ ಮಾತು ಬಳಕೆಯಾಗುತ್ತಿರುವುದು ನಿಜ. ಎರಡು ವಾರದ ಅಳತೆ, ಐದು ಲಕ್ಷಣಗಳ ಅಳತೆ ಇರುವುದೇ ಅದಕ್ಕಾಗಿ. ಅಳತೆಯನ್ನೇ ನೋಡದೆ ಎಲ್ಲರದೂ ನಾಟಕ ಅನ್ನುವುದಕ್ಕೆ ಅರ್ಥವಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಮ್ಮ ನಿಮ್ಹಾನ್ಸ್. ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು ಸುಮಾರು 20 ವಯಸ್ಕರಲ್ಲಿ ಒಬ್ಬರು ಎಂದು ಅದು ಕಂಡಿತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನನ್ನ ಸಂಕಟ ಈ ಬಹುಪಾಲಿನ ಬಗ್ಗೆ.

ಮುಖ ನೋಡಿ ತೀರ್ಮಾನಿಸುವುದು ಹದಿಹರೆಯದವರ ವಿಷಯದಲ್ಲಂತೂ ಪೂರ್ತಿ ಕೈಕೊಡುತ್ತದೆ. ಅವರಲ್ಲಿ ಬೇಸರದ ಬದಲು ಸಿಡುಕು ಕಾಣಿಸಬಹುದು, ಮಾರ್ಕ್ಸ್ ಇಳಿಯಬಹುದು. ಗಂಡಸರಲ್ಲಿ ಎಷ್ಟೋ ಸಲ ಕುಡಿತ ಹೆಚ್ಚುತ್ತದೆ. ವಯಸ್ಸಾದವರು ಏನು ಕೇಳಿದರೂ ನೆನಪಿಲ್ಲ ಅನ್ನತೊಡಗುತ್ತಾರೆ, ಮನೆಯವರು ಮರೆವಿನ ಕಾಯಿಲೆ ಅಂದುಕೊಳ್ಳುತ್ತಾರೆ. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಬರುವ ಅಳು ಎರಡು ವಾರದೊಳಗೆ ತಾನೇ ಇಳಿಯಬೇಕು. ಇಳಿಯದಿದ್ದರೆ, ಮಗು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬರದಿದ್ದರೆ, ತೋರಿಸಿ. ಬಾಣಂತಿ ಅಸಂಬದ್ಧ ಮಾತಾಡತೊಡಗಿದರೆ, ಇಲ್ಲದ ದನಿ ಕೇಳಿಸುತ್ತಿದೆ ಅಂದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಿಡಿ, ಹಾಗಾಗುವುದಿಲ್ಲ. ಟಿವಿ ಆರಿಸಿ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಬದುಕೇ ಬೇಡ ಅನ್ನಿಸ್ತಿದೆಯಾ? ಪ್ರಾಣ ಕಳ್ಕೊಳ್ಳೋ ಯೋಚನೆ ಬಂದಿದೆಯಾ?" ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅವತ್ತೇ ಬೇರೆಯವರ ಮನೆಗೆ ಸಾಗಿಸಿ, ಮಾತ್ರೆಗಳ ಡಬ್ಬಿ ನಿಮ್ಮ ಕೈಯಲ್ಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರ್ನಾಟಕ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡಿದೆ; ನಿಮ್ಮ ಊರಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ವಿಚಾರಿಸಿಕೊಳ್ಳಿ. ಹೋಗುವಾಗ ನಿದ್ದೆ ಎಷ್ಟು ಹೊತ್ತಿಗೆ ಒಡೆಯುತ್ತದೆ, ಊಟ ಎಷ್ಟು ಇಳಿದಿದೆ, ಯಾವ ಕೆಲಸ ಯಾವಾಗಿನಿಂದ ನಿಂತಿದೆ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಿಂದೆಂದಾದರೂ ನಿದ್ದೆಯೇ ಬೇಡದಷ್ಟು ಹುರುಪು, ಮಿತಿಮೀರಿದ ಖರ್ಚು, ಮಾತು ಇದ್ದರೆ ಅದನ್ನೂ ಬರೆಯಿರಿ. ಅದು ಅತಿ ಹುರುಪು, ಖಿನ್ನತೆ ಎರಡೂ ಬೇರೆ ಬೇರೆ ಹೊತ್ತಿಗೆ ಬರುವ ಬೈಪೋಲಾರ್ ಕಾಯಿಲೆ ಆಗಿದ್ದರೆ ಔಷಧಿಯೇ ಬೇರೆ.

ಖಿನ್ನತೆಯ ಮಾತ್ರೆ ಶುರುವಾದ ಮೊದಲ ವಾರ ಹೊಟ್ಟೆ ತೊಳಸಬಹುದು, ಗಾಬರಿ ಹೆಚ್ಚಾಗಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಬಹಳ ಮನೆಗಳಲ್ಲಿ ಹತ್ತನೇ ದಿನಕ್ಕೇ ನಿಲ್ಲಿಸುತ್ತಾರೆ, ಕೆಲಸ ಮಾಡಲಿಲ್ಲ ಅಂತ. ಇನ್ನು ಕೆಲವರು ಎರಡನೇ ತಿಂಗಳಿಗೆ ನಿಲ್ಲಿಸುತ್ತಾರೆ, ನಗುತ್ತಾ ಓಡಾಡಿಕೊಂಡಿದ್ದಾನಲ್ಲ ಅಂತ. ಮತ್ತೆ ಮುಖ ನೋಡಿಯೇ ತೀರ್ಮಾನ! ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಇವು ಚಟ ಹಿಡಿಸುವ ಮಾತ್ರೆಗಳಲ್ಲ, ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರುತ್ತದೆ. ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಿ. ಮೊದಲ ಕೆಲವು ವಾರ, ಅದರಲ್ಲೂ 25ರೊಳಗಿನವರಾದರೆ, ಸಾವಿನ ಯೋಚನೆ ಹೆಚ್ಚಬಹುದು; ಹಾಗಾಗಿ ರಾತ್ರಿ ಮನೆಯವರೊಬ್ಬರು ಅದೇ ಕೋಣೆಯಲ್ಲಿ ಮಲಗಿ.