ಪಾರ್ಟ್ ಸಣ್ಣದು, ಲೇಬರ್ ಯಾಕೆ ಅಷ್ಟು?

ಚಕ್ರವನ್ನು ಗಾಡಿಯ ಫ್ರೇಮಿಗೆ ಜೋಡಿಸುವ ಲೋವರ್ ಆರ್ಮಿಗೆ ಹೊಸ ಬುಷ್ (ರಬ್ಬರಿನ ಜೋಡಣೆ) ಹಾಕಿಸಿ, ಬಿಲ್ ನೋಡಿ ಮೆಕ್ಯಾನಿಕ್ ಹತ್ತಿರ ಜಗಳಕ್ಕೆ ನಿಲ್ಲುವವರು ನಮ್ಮ ಮಂಗಳೂರು, ಉಡುಪಿ ಕಡೆ ತುಂಬ ಜನ. ಬುಷ್ಷಿನ ರೇಟಿಗಿಂತ ಲೇಬರ್ ಜಾಸ್ತಿ ಯಾಕೆ ಎಂದು ಕೇಳುವುದು ತಪ್ಪಲ್ಲ. ಉತ್ತರ ಬೇಕಾದರೆ ಗಾಡಿಯನ್ನು ಲಿಫ್ಟಿಗೆ ಏರಿಸಿ ಆ ಬೋಲ್ಟನ್ನು ಒಮ್ಮೆ ನೋಡಬೇಕು.

ಬುಷ್ಷಿನ ರಬ್ಬರಿನ ನಡುವೆ ಒಂದು ಕಬ್ಬಿಣದ ಸ್ಲೀವ್ (ಕೊಳವೆ), ಅದರೊಳಗೆ ಬೋಲ್ಟ್. ಮಳೆನೀರು, ಕಡಲಿನ ಉಪ್ಪು ಎರಡೂ ಆ ಸಂದಿಗೆ ಇಳಿಯುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುವುದರಿಂದ ಬೋಲ್ಟೂ ಸ್ಲೀವೂ ಕಚ್ಚಿಕೊಂಡುಬಿಡುತ್ತವೆ. ಸ್ಪ್ಯಾನರ್ ಹಾಕಿದರೆ ಬೋಲ್ಟಿನ ಜೊತೆ ಸ್ಲೀವ್ ತಿರುಗುತ್ತದೆ, ರಬ್ಬರ್ ತಿರುಚಿ ಮತ್ತೆ ಹಿಂದಕ್ಕೆ ಎಳೆಯುತ್ತದೆ. ಇಂಪ್ಯಾಕ್ಟ್ ಗನ್ನಿನ ಪೆಟ್ಟನ್ನೂ ಅದೇ ರಬ್ಬರ್ ನುಂಗುತ್ತದೆ. ಬಿಸಿ ಮಾಡಿ ಬಿಡಿಸೋಣ ಎಂದು ಬೆಂಕಿ ಹಿಡಿದರೆ ರಬ್ಬರ್ ಹೊತ್ತಿಕೊಳ್ಳುತ್ತದೆ. ಕೊನೆಗೆ ಬ್ರ್ಯಾಕೆಟ್ಟಿಗೂ ಬುಷ್ಷಿಗೂ ನಡುವಿನ ಸಣ್ಣ ಸಂದಿಯಲ್ಲಿ ಬ್ಲೇಡ್ ತೂರಿಸಿ, ಎರಡೂ ಬದಿಯಲ್ಲಿ ಬೋಲ್ಟನ್ನು ಕೊಯ್ಯಬೇಕು. ಕೆಲವು ಕಾರುಗಳಲ್ಲಿ ನಟ್, ಆರ್ಮ್ ಕೂರುವ ಸಬ್‌ಫ್ರೇಮಿನ ಒಳಗೇ ವೆಲ್ಡ್ ಆಗಿರುತ್ತದೆ. ಆ ವೆಲ್ಡ್ ಬಿಟ್ಟುಹೋದರೆ ಮುಗಿಯಿತು ಮಾರಾಯ್ರೆ, ನಟ್ ಒಳಗೇ ಸುತ್ತುತ್ತದೆ, ಫ್ರೇಮಿಗೆ ಕಿಂಡಿ ಕೊರೆದು ಹಿಡಿಯಬೇಕು. ಈ ಕೆಲಸಕ್ಕೆ ಹೋದ ಅರ್ಧ ದಿನದ ಕೂಲಿ ಯಾರು ಕೊಡಬೇಕು?

ಮಲ್ಪೆ ಬಂದರಿನಿಂದ, ಮಂಗಳೂರಿನ ದಕ್ಕೆಯಿಂದ ಮೀನು ಹೊರುವ ಟೆಂಪೋಗಳದ್ದು ಇನ್ನೂ ಕಷ್ಟ. ಐಸ್ ಕರಗಿದ ಉಪ್ಪುನೀರು ಚಾಸಿಯ ಮೇಲೆ ಸೋರುತ್ತಲೇ ಇರುತ್ತದೆ. ಬ್ರೇಕ್ ಪೈಪಿನ ನಟ್ಟಿಗೆ ಸಾದಾ ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆಗಳೆಲ್ಲ ಉರುಟಾಗುತ್ತವೆ, ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರೇ ಬೇಕು. ನಟ್ಟಿನ ಜೊತೆ ಪೈಪೂ ತಿರುಚಿದರೆ ಆ ಪೈಪ್ ಮತ್ತೆ ಬಳಸಬಾರದು. ಬ್ರೇಕಿನ ಗಾಳಿ ತೆಗೆಯುವ ಬ್ಲೀಡರ್ ನಿಪ್ಪಲ್ ತುಂಡಾದರೆ ಹೆಚ್ಚಾಗಿ ವೀಲ್ ಸಿಲಿಂಡರೇ ಹೊಸದು.

ತುಕ್ಕೇ ಇಲ್ಲದೆ ಕಾಡುವ ಡಿಸೈನುಗಳೂ ಉಂಟು. ಮಾರುತಿ 800ರಲ್ಲಿ ಕ್ಲಚ್‌ಗೆ ಕೇಬಲ್, ಹೊರಗಿನಿಂದಲೇ ಬದಲಿಸಬಹುದು. ಶೆವರ್ಲೆ ಕ್ರೂಸ್, ಫೋರ್ಡ್ ಇಕೋಸ್ಪೋರ್ಟ್‌ನಂಥ ಕಾರುಗಳಲ್ಲಿ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಇರುವುದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಒಳಗೆ, ಇನ್‌ಪುಟ್ ಶಾಫ್ಟಿನ ಸುತ್ತ. ಅದರ ಒಂದು ಸೀಲ್ ಸೋರಿ ಪೆಡಲ್ ಕೆಳಗೆ ಬಿದ್ದರೆ ಬ್ಯಾಟರಿ ಟ್ರೇ, ಗೇರ್ ಕೇಬಲ್, ಎರಡೂ ಡ್ರೈವ್ ಶಾಫ್ಟ್ ತೆಗೆದು, ಇಂಜಿನ್ನಿಗೆ ಆಸರೆ ಕೊಟ್ಟು ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಕ್ಲಚ್ ಪ್ಲೇಟ್ ಹಾಕಿಸುವಾಗ ಸಿಲಿಂಡರ್ ಹಳೆಯದೇ ಇರಲಿ ಎಂದು ಹಟ ಮಾಡಬೇಡಿ. ಸೀಲ್ ಸೋರಿದರೆ ಅದೇ ಲೇಬರ್ ಇನ್ನೊಮ್ಮೆ ಬೀಳುತ್ತದೆ, ಹೊಸ ಪ್ಲೇಟಿಗೂ ಆಯಿಲ್ ತಾಗುತ್ತದೆ.

ಏಸಿಯ ಕೂಲಿಂಗ್ ಕಾಯಿಲ್ ಇನ್ನೊಂದು. ಎಷ್ಟೋ ಕಾರುಗಳಲ್ಲಿ ಅದಕ್ಕಾಗಿ ಡ್ಯಾಶ್‌ಬೋರ್ಡ್ ಪೂರ್ತಿ ಹೊರಗೆ ಬರಬೇಕು. ಹಳೆಯ ಪ್ಲಾಸ್ಟಿಕ್ ಕ್ಲಿಪ್ ಮುರಿದರೆ ಆಮೇಲೆ ಕಟಕಟ ಸದ್ದು, ಬೈಗುಳ ಮೆಕ್ಯಾನಿಕ್‌ಗೆ. ಗ್ಯಾಸ್ ಲೀಕ್ ಕಾಯಿಲಿನದ್ದೇ ಎಂದು ಖಾತ್ರಿ ಮಾಡಿಕೊಳ್ಳದೆ ಡ್ಯಾಶ್‌ಬೋರ್ಡ್ ಬಿಚ್ಚಲು ಒಪ್ಪಬೇಡಿ.

ಬುಷ್ ಕೆಲಸ ಇದ್ದರೆ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿಗೆ ಬಿಡಿ, ಬೋಲ್ಟಿಗೆ ರಸ್ಟ್ ಆಯಿಲ್ ಹೊಡೆದು ರಾತ್ರಿಯಿಡೀ ನೆನೆಯಲಿ. ಹೊಸ ಬೋಲ್ಟಿನ ಬೆಲೆಯೂ ಎಸ್ಟಿಮೇಟಿನಲ್ಲಿ ಇರಲಿ. ಅದನ್ನು ಹಾಕುವಾಗ ಸ್ಲೀವ್ ಒಳಗೆ ಕೂರುವ ಭಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಸವರಲಿ, ಥ್ರೆಡ್ಡಿಗೆ ಬೇಡ, ಟಾರ್ಕ್ (ಬಿಗಿಯ ಅಳತೆ) ತಪ್ಪುತ್ತದೆ. ಕೊನೆಯ ಟೈಟ್ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಆಗಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಕೂತು, ಹೊಸ ಬುಷ್ಷೂ ಬೇಗ ಹರಿಯುತ್ತದೆ.