ನೀಲಿ ಬೋರ್ಡು ಬರೀ ಮಾಹಿತಿಗಲ್ಲ

"ಫ್ಯಾಕ್ಟರೀಲಿ ಕೆಂಪು ಬೋರ್ಡ್ ಅಂದ್ರೆ ಡೇಂಜರ್, ನೀಲಿ ಬೋರ್ಡ್ ಸುಮ್ನೆ ಮಾಹಿತಿಗೆ, ಪಾಲಿಸ್ಲೇಬೇಕು ಅಂತೇನಿಲ್ಲ" ಅಂತ ಒಂದು ಮೆಸೇಜ್ ವಾಟ್ಸಾಪಲ್ಲಿ ಓಡಾಡ್ತಿದೆ, ಇದು ತಪ್ಪು.

ಹೈವೇಲಿ ಪೆಟ್ರೋಲ್ ಬಂಕು, ಆಸ್ಪತ್ರೆ ತೋರಿಸೋ ಬೋರ್ಡು ನೀಲಿ ಇರುತ್ತಲ್ಲ, ಬಹುಶಃ ಅದನ್ನ ನೋಡಿ ಹಂಗೆ ಅನ್ಕೊಂಡಿರ್ಬೇಕು. ಆದ್ರೆ ಅವು ಚೌಕ ಅಥವಾ ಆಯತ. ಕೆಲಸದ ಜಾಗದಲ್ಲಿ ದುಂಡಗಿರೋ ನೀಲಿ ಬೋರ್ಡಲ್ಲಿ ಬಿಳಿ ಚಿತ್ರ ಇದ್ರೆ ಅದು ಆರ್ಡರ್, ಹೆಲ್ಮೆಟ್ ಚಿತ್ರ ಇದ್ರೆ ಹೆಲ್ಮೆಟ್ ಹಾಕ್ಲೇಬೇಕು, ಕಿವಿ ಮೇಲೆ ಹೆಡ್‌ಫೋನ್ ತರ ಇದ್ರೆ ಶಬ್ದ ಜಾಸ್ತಿ ಇದೆ ಕಿವಿ ಮುಚ್ಕೊಂಡೇ ಒಳಗೆ ಬನ್ನಿ ಅಂತ (ಹಾಡು ಕೇಳೋಕಲ್ಲ ಮತ್ತೆ!). ಐಎಸ್‌ಒ 7010 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಲ್ಲಿ ಇರೋದೂ ಇದೇ.

ಕೆಂಪೂ ಅಷ್ಟೇ, ಒಂದೇ ಅರ್ಥ ಅಲ್ಲ. ಕೆಂಪು ಉಂಗುರದ ಮೇಲೆ ಅಡ್ಡಗೆರೆ ಇದ್ರೆ ಮಾಡ್ಬೇಡಿ ಅಂತ, ಪೂರ್ತಿ ಕೆಂಪು ಚೌಕದಲ್ಲಿ ಸಿಲಿಂಡರ್ ಚಿತ್ರ ಇದ್ರೆ ಬೆಂಕಿ ಆರಿಸೋ ಸಾಮಾನು ಅಲ್ಲಿದೆ ಅಂತ, ಅಂದ್ರೆ ಬೆಂಕಿ ಬಿದ್ದಾಗ ಹುಡುಕಬೇಕಾದ ಬೋರ್ಡು, ಅದನ್ನ ನೋಡಿ ದೂರ ಓಡಿದ್ರೆ ಕಷ್ಟ. ಅಪಾಯ ಇದೆ ಹುಷಾರು ಅನ್ನೋದಕ್ಕಿರೋದು ಕಪ್ಪು ಅಂಚಿನ ಹಳದಿ ತ್ರಿಕೋನ. ಹಸಿರು ಬೋರ್ಡು ತುರ್ತು ಬಾಗಿಲಿಗೆ, ಫಸ್ಟ್ ಏಡ್ ಡಬ್ಬಕ್ಕೆ.