ನೋವಿನ ಜೆಲ್ ಚರ್ಮ ಸುಡುತ್ತದೆಯಾ?

ಅಡಿಕೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ ಕಡೆ ಸೊಂಟನೋವಿನ ಜೆಲ್ ಇಲ್ಲದ ಮನೆ ಕಡಿಮೆ. ಅದಕ್ಕೇ ಈ ವಾಟ್ಸಾಪ್ ಮೆಸೇಜ್ ನೋಡಿ ಜನ ಹೆದರಿದ್ದಾರೆ: ‘ಜೆಲ್‌ನ ಕಾರ್ಬೊಮರ್ ಅಂದರೆ ಆಕ್ರಿಲಿಕ್ ಆಸಿಡ್. ಚರ್ಮ ಸುಟ್ಟು ರಕ್ತಕ್ಕೆ ಸೇರುತ್ತದೆ.’ ಇದು ಸುಳ್ಳು. ಕಾರ್ಬೊಮರ್ ಅಂದರೆ ಜೆಲ್ ಮಂದವಾಗಲು ಹಾಕುವ ವಸ್ತು.

ಆಕ್ರಿಲಿಕ್ ಆಸಿಡ್ ಚರ್ಮ ಸುಡುವುದು ನಿಜ. ಆದರೆ ಕಾರ್ಬೊಮರ್‌ನಲ್ಲಿ ಅದರ ಅಣುಗಳು ಉದ್ದುದ್ದ ಸರಪಳಿಯಾಗಿ, ಬಲೆಯಂತೆ ಹೆಣೆದುಕೊಂಡಿರುತ್ತವೆ. ಅಷ್ಟು ದೊಡ್ಡದು ಚರ್ಮ ದಾಟುವುದಿಲ್ಲ. ಜೆಲ್ ಮಾಡುವಾಗ ಕ್ಷಾರ ಬೆರೆಸಿ ಹುಳಿ ತಗ್ಗಿಸುತ್ತಾರೆ. ಆಗ ಅದು ನೀರು ಹಿಡಿದು ಉಬ್ಬುತ್ತದೆ, ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ. ಕಣ್ಣು ಒಣಗುವವರಿಗೆ ಕೊಡುವ ಕೆಲವು ಜೆಲ್‌ಗಳಲ್ಲೂ ಇದೇ ಇದೆ. ಸುಡುವಂಥದ್ದಾದರೆ ಕಣ್ಣಿಗೆ ಹಾಕುತ್ತಿದ್ದರಾ?

ಜಾಸ್ತಿ ಗಮನ ಬೇಕಾದದ್ದು ಜೆಲ್‌ನಲ್ಲಿರುವ ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿಗೆ. ಅದು ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಗಾಯದ ಮೇಲೆ ಹಚ್ಚಬೇಡಿ. ಗರ್ಭಿಣಿಯರು ಮೊದಲು ಡಾಕ್ಟರನ್ನು ಕೇಳಿ.